ಹೇಳಿದ್ರೆ ನಿಲ್ಲಿಸ್ತೀರ ಅಂತ ಗೊತ್ತಿತ್ತು

ನಾನು ಆಪ್ತಸಲಹೆಗಾರ್ತಿ. ಜೂನ್ ಬಂತೆಂದರೆ ನನ್ನ ಬಳಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಶಾಲೆ ಶುರುವಾಗಿರುತ್ತದೆ, ವ್ಯಾನಿನವರು ಬಾಡಿಗೆ ಏರಿಸಿರುತ್ತಾರೆ, ಅಪ್ಪ ಅಮ್ಮ ಇಬ್ಬರಿಗೂ ಕೆಲಸ. ಶಾಲೆ ನೋಡಿದರೆ ನಡೆದು ಹೋಗುವಷ್ಟು ಹತ್ತಿರ. "ಎಷ್ಟನೇ ವಯಸ್ಸಿಗೆ ಒಬ್ಬರನ್ನೇ ಕಳಿಸಬಹುದು ಮೇಡಂ?" ಏಳೋ ಹತ್ತೋ ಅಂತ ಒಂದು ಸಂಖ್ಯೆ ಹೇಳಿಬಿಟ್ಟರೆ ಅವರಿಗೆ ನೆಮ್ಮದಿ. ನಾನು ಹೇಳುವುದಿಲ್ಲ. ಬೇಜಾರಾಗಿ ಎದ್ದು ಹೋದವರೂ ಇದ್ದಾರೆ. ಈ ಪ್ರಕರಣವನ್ನು ಬರೆಯುತ್ತಿರುವುದು ಅಂಥವರಿಗಾಗಿ. ಮನೆಯವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಹುಡುಗಿಯನ್ನು ಸಿರಿ ಅನ್ನೋಣ. ಒಂಬತ್ತು ವರ್ಷ, ನಾಲ್ಕನೇ ಕ್ಲಾಸ್. ಮನೆ ಬೆಂಗಳೂರಿನ ಒಂದು ಹಳೇ ಬಡಾವಣೆಯಲ್ಲಿ. ಶಾಲೆಗೆ ಒಂದು ಕಿಲೋಮೀಟರ್‌ಗಿಂತ ಕಡಿಮೆ ದೂರ. ಮೂರು ಅಡ್ಡರಸ್ತೆ, ಒಂದು ಪಾರ್ಕ್, ಕೊನೆಯಲ್ಲಿ ಒಂದು ಮೇನ್ ರೋಡ್. ಅಪ್ಪ ಹಾಸನದ ಕಡೆಯವರು, ತೋಟ ಹಳ್ಳ ದಾಟಿ ಶಾಲೆಗೆ ಹೋದವರು. ಮಗಳು ಹೆದರುಪುಕ್ಕಲಿ ಆಗಬಾರದು ಅಂತ ಅವರ ಹಟ. ಅಮ್ಮನಿಗೆ ಇಷ್ಟವಿರಲಿಲ್ಲ, ಅಜ್ಜಿಗಂತೂ ಮೊದಲೇ ಇಲ್ಲ. ಆದರೂ ಜೂನ್‌ನಿಂದ ಸಿರಿ ಒಬ್ಬಳೇ ಹೋಗಿಬರಲು ಶುರುಮಾಡಿದಳು.

ಅವರು ನನ್ನ ಬಳಿ ಬಂದಾಗ ಅದೆಲ್ಲ ನಿಂತುಹೋಗಿತ್ತು. ಬಂದ ಕಾರಣವೂ ದಾರಿಯ ವಿಷಯ ಆಗಿರಲಿಲ್ಲ. "ಇವಳು ಸುಳ್ಳು ಹೇಳೋದನ್ನ ಬಿಡಿಸಿ ಮೇಡಂ," ಅಂದರು ಅಮ್ಮ.

ಆಗಿದ್ದು ಇಷ್ಟು. ಒಂದು ಸಂಜೆ ಶಾಲೆಯಿಂದ ಬರುವಾಗ ಮಳೆ ಹನಿಯುತ್ತಿತ್ತು. ಸ್ಕೂಟರಿನಲ್ಲಿ ಬಂದ ಒಬ್ಬ ಯುವಕ ನಿಲ್ಲಿಸಿ, "ಡ್ರಾಪ್ ಕೊಡ್ಲಾ ಪುಟ್ಟಿ?" ಅಂದನಂತೆ. ಇವಳು ಬೇಡ ಅಂದು ಮುಂದೆ ನಡೆದಿದ್ದಾಳೆ. ಅವನು ಸ್ವಲ್ಪ ದೂರ ನಿಧಾನಕ್ಕೆ ಪಕ್ಕದಲ್ಲೇ ಬಂದಿದ್ದಾನೆ. ಸಿರಿ ಸೀದಾ ಇಸ್ತ್ರಿ ಅಂಗಡಿಯೊಳಗೆ ಹೋಗಿ ಕೂತಿದ್ದಾಳೆ. ಅವನು ಹೋದ ಮೇಲೆ, ಮಳೆ ನಿಂತ ಮೇಲೆ ಮನೆಗೆ ಬಂದಿದ್ದಾಳೆ. ಯಾಕೆ ಲೇಟು ಅಂದರೆ "ಮಳೆ" ಅಂದಿದ್ದಾಳೆ. ಎರಡು ವಾರ ಬಿಟ್ಟು ಬಟ್ಟೆ ತರಲು ಹೋದ ಅಮ್ಮನಿಗೆ ಇಸ್ತ್ರಿ ಅಂಗಡಿಯ ಅಕ್ಕ ಹೇಳಿದಾಗಲೇ ಮನೆಯಲ್ಲಿ ಗೊತ್ತಾಗಿದ್ದು. ಮಾರನೇ ದಿನದಿಂದ ಒಬ್ಬಳೇ ಹೋಗುವುದು ಬಂದ್. ವ್ಯಾನ್.

ಆ ಯುವಕ ಯಾರೋ, ಏನು ಉದ್ದೇಶವೋ, ಹೇಳುವವರಿಲ್ಲ. ಮಳೆಯಲ್ಲಿ ನೆನೆಯುವ ಮಗುವಿಗೆ ಸಹಾಯ ಮಾಡಲು ಬಂದವನೂ ಇರಬಹುದು. ಮಗು ಅದನ್ನು ತೀರ್ಮಾನ ಮಾಡಬೇಕಿಲ್ಲ, ಅವಳು ಮಾಡಲೂ ಇಲ್ಲ. ಬೇಡ ಅಂದಳು, ಜನ ಇರುವ ಕಡೆ ಹೋದಳು. ದೊಡ್ಡವರೇ ಎಷ್ಟೋ ಸಲ ಸಂಕೋಚಕ್ಕೆ ಇಷ್ಟೂ ಮಾಡುವುದಿಲ್ಲ.

ಮೊದಲು ಸಿರಿಯ ಜೊತೆ ಒಬ್ಬಳೇ ಮಾತಾಡಿದೆ. ನಡೆದದ್ದನ್ನು ಪೂರ್ತಿ ಹೇಳಿದಳು. ಅದಕ್ಕಿಂತ ಇಸ್ತ್ರಿ ಪೆಟ್ಟಿಗೆಗೆ ಕೆಂಡ ಹಾಕುವುದು ಹೇಗೆ ಅನ್ನುವುದನ್ನು ಜಾಸ್ತಿ ಹೇಳಿದಳು ಅನ್ನಿ. ಭಯ ಆಯ್ತಾ ಅಂದೆ. "ಆಯ್ತು. ಅಂಗಡಿಗೆ ಹೋದ್ಮೇಲೆ ಆಗ್ಲಿಲ್ಲ." ಮನೆಯಲ್ಲಿ ಯಾಕೆ ಹೇಳಲಿಲ್ಲ ಅಂತ ನಾನು ಕೇಳಲಿಲ್ಲ. ಆ ಪ್ರಶ್ನೆ ಅಪ್ಪ ಅಮ್ಮನದು, ಅವರ ಮುಂದೆಯೇ ಬರಲಿ ಅನಿಸಿತು. ಅವಳ ಒಪ್ಪಿಗೆ ಕೇಳಿಯೇ ಅವರನ್ನು ಒಳಗೆ ಕರೆದೆ.

ಅಮ್ಮ ಮೆತ್ತಗೆ ಕೇಳಿದರು. "ಯಾಕೆ ಹೇಳ್ಲಿಲ್ಲ ಕಂದಾ? ನಾವೇನು ಬಯ್ತಿದ್ವಾ?"

"ಬಯ್ತಿರ್ಲಿಲ್ಲ. ನಿಲ್ಲಿಸ್ತಿದ್ರಿ."

ಅಪ್ಪ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಅವಳೇ ಮುಂದುವರಿಸಿದಳು. "ಹೇಳಿದ್ರೆ ನಿಲ್ಲಿಸ್ತೀರ ಅಂತ ಗೊತ್ತಿತ್ತು. ಈಗ ಗೊತ್ತಾಯ್ತು, ನಿಲ್ಲಿಸಿದ್ರಲ್ವಾ?"

ಅಪ್ಪನಿಗೆ ನಗು ಬಂತು, ಅಮ್ಮನ ಮುಖ ನೋಡಿ ತಡೆದುಕೊಂಡರು. "ನೋಡಿ ಮೇಡಂ, ಹೀಗೇ ಎದುರುತ್ತರ," ಅಂದರು ಅಮ್ಮ, ಕಣ್ಣು ತುಂಬಿಕೊಂಡು. ನನಗೆ ಅದು ಎದುರುತ್ತರ ಅನಿಸಲಿಲ್ಲ. ಹುಡುಗಿ ಮನೆಯ ರೀತಿಯನ್ನು ಸರಿಯಾಗಿ ಅಂದಾಜು ಮಾಡಿದ್ದಳು, ಅಂದಾಜು ನಿಜವೂ ಆಗಿತ್ತು. ಅವಳು ಕಲಿತದ್ದು ಒಂದೇ: ಏನೂ ಆಗದಿದ್ದರೆ ಮಾತ್ರ ಒಬ್ಬಳೇ ಹೋಗಬಹುದು. ಹಾಗಾದ ಮೇಲೆ ಏನಾದರೂ ಆದರೂ ಆಗಿಲ್ಲ ಅನ್ನುವುದು ಬಿಟ್ಟು ಮಗುವಿಗೆ ಬೇರೆ ದಾರಿ ಏನಿದೆ?

ಆ ಕುಟುಂಬಕ್ಕೆ ನಾನು ಕೊಟ್ಟ ಮುಖ್ಯ ಸಲಹೆ ಇದರ ಸುತ್ತಲೇ ಇತ್ತು. ಮಗು ಬಂದು ಏನೇ ಹೇಳಲಿ, ಆ ದಿನ ಯಾವ ತೀರ್ಮಾನವೂ ಬೇಡ. ಕೇಳಿಸಿಕೊಳ್ಳಿ, ಹೇಳಿದ್ದು ಒಳ್ಳೇದಾಯ್ತು ಅನ್ನಿ, ಊಟ ಮಾಡಿಸಿ ಮಲಗಿಸಿ. ಮಾರನೇ ದಿನ ಅವಳನ್ನೂ ಕೂರಿಸಿಕೊಂಡು ಮಾತಾಡಿ. ಬದಲಾವಣೆ ತೊಂದರೆ ಎಲ್ಲಿ ಆಯಿತೋ ಅಷ್ಟಕ್ಕೇ ಇರಲಿ. ಆ ರಸ್ತೆ ಬಿಟ್ಟು ಇನ್ನೊಂದು ರಸ್ತೆ ಹಿಡಿಯಬಹುದು, ಒಂದು ವಾರ ಯಾರಾದರೂ ಜೊತೆಗೆ ಹೋಗಬಹುದು. ನಿಲ್ಲಿಸಲೇಬೇಕಾದರೆ ನಿಲ್ಲಿಸಿ, ಆದರೆ ಯಾವಾಗಿನವರೆಗೆ ಅಂತ ಹೇಳಿ.

"ಅಂದ್ರೆ ಏನಾದ್ರೂ ಸುಮ್ನೆ ಕಳಿಸ್ತಾನೇ ಇರ್ಬೇಕಾ?" ಅಂದರು ಅಮ್ಮ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಹೆಚ್ಚುಕಮ್ಮಿಯಾದರೆ ಆಪ್ತಸಲಹೆಗಾರ್ತಿಯನ್ನು ಯಾರೂ ಕೇಳುವುದಿಲ್ಲ, ಅಮ್ಮನನ್ನೇ ಕೇಳುತ್ತಾರೆ. ಅಜ್ಜಿ ಆಗಲೇ ಕೇಳಿದ್ದರು ಕೂಡ. ಆದರೂ ನನ್ನ ಮಾತು ಬದಲಿಸಲಿಲ್ಲ. ದಾರಿಯಲ್ಲಿ ಕೆಟ್ಟದ್ದೇ ಎದುರಾಗದಂತೆ ನಾವು ಯಾರೂ ನೋಡಿಕೊಳ್ಳಲು ಆಗುವುದಿಲ್ಲ. ಎದುರಾದದ್ದು ಅವತ್ತೇ ಸಂಜೆ ಮನೆಗೆ ತಲುಪುವಂತೆ ನೋಡಿಕೊಳ್ಳಬಹುದು. ವ್ಯಾನಿನಲ್ಲಿ ಕಳಿಸಿದರೂ ಇದು ಬೇಕು. ಪೋಕ್ಸೋ ಪ್ರಕರಣಗಳಲ್ಲಿ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ, ಬಹುಪಾಲು ಆರೋಪಿಗಳು ಮಗುವಿಗೆ ಮೊದಲೇ ಪರಿಚಯ ಇದ್ದವರು ಅನ್ನುವುದನ್ನು ಸರ್ಕಾರದ ಅಪರಾಧ ದಾಖಲೆಗಳೇ ವರ್ಷ ವರ್ಷ ಹೇಳುತ್ತವೆ. ದಾರಿಯ ವಿಷಯ ಮುಚ್ಚಿಡಲು ಕಲಿತ ಮಗು ಅಂಥ ವಿಷಯ ಬಂದಾಗ ಬಾಯಿ ಬಿಡುತ್ತದೆ ಅಂತ ನಂಬುವುದು ಹೇಗೆ?

ಸ್ಕೂಟರಿನವನ ವಿಷಯ ಶಾಲೆಗೂ ಹತ್ತಿರದ ಪೊಲೀಸ್ ಠಾಣೆಗೂ ತಿಳಿಸಿ ಅಂದೆ. "ಏನಂತ ಹೇಳೋದು? ಡ್ರಾಪ್ ಕೊಡ್ಲಾ ಅಂದ ಅಂತಾನಾ?" ಅಂದರು ಅಪ್ಪ. ಹೌದು, ಅಷ್ಟೇ. ಇನ್ನೊಂದು ಮಗುವಿನ ಮನೆಯವರೂ ಅದನ್ನೇ ಹೇಳಿದ್ದರೆ ಅವರಿಗೆ ಉಪಯೋಗಕ್ಕೆ ಬರುತ್ತದೆ. ತುರ್ತು ಇದ್ದರೆ 112, ಮಕ್ಕಳ ಸಹಾಯವಾಣಿ 1098. ಎರಡೂ ನಂಬರ್ ಸಿರಿಗೆ ಬಾಯಿಪಾಠ ಆಗಿವೆ.

ಈಗ ಅಪ್ಪನ ಜೊತೆ ಆದ ಜಗಳ. ಅವರು ಜಪಾನಿನ ವಿಡಿಯೊ ತೋರಿಸಿದರು. ಆರು ವರ್ಷದ ಮಕ್ಕಳು ಹಳದಿ ಟೋಪಿ ಹಾಕಿಕೊಂಡು ತಾವೇ ಶಾಲೆಗೆ ಹೋಗುತ್ತವೆ. ನಿಜ. ಆದರೆ ಅಲ್ಲಿ ಎಷ್ಟೋ ಕಡೆ ಅಕ್ಕಪಕ್ಕದ ಮಕ್ಕಳು ಗುಂಪು ಕಟ್ಟಿ ಹೋಗುತ್ತಾರೆ, ರಸ್ತೆ ದಾಟುವ ಕಡೆ ದೊಡ್ಡವರು ಬಾವುಟ ಹಿಡಿದು ನಿಂತಿರುತ್ತಾರೆ. ಇಲ್ಲಿ ಜೀಬ್ರಾ ಪಟ್ಟಿಯ ಮೇಲೆಯೇ ಬೈಕ್ ನಿಂತಿರುತ್ತದೆ, ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಒನ್ ವೇನಲ್ಲಿ ಎದುರಿನಿಂದ ಆಟೋ ಬರುತ್ತದೆ. ಬರುವ ಗಾಡಿಯ ವೇಗ, ದೂರ ಎರಡನ್ನೂ ಒಟ್ಟಿಗೆ ಅಂದಾಜು ಮಾಡುವುದು ಒಂಬತ್ತು ವರ್ಷದ ಮಗುವಿಗೆ ಕಷ್ಟ. ಅದು ಧೈರ್ಯದ ಪ್ರಶ್ನೆ ಅಲ್ಲ, ಆ ಶಕ್ತಿ ಇನ್ನೂ ಬೆಳೆಯುತ್ತಿರುತ್ತದೆ. ಹಾಸನದ ತೋಟದ ದಾರಿಯಲ್ಲಿ ನಾಯಿ, ಹಾವು ಇದ್ದಿರಬಹುದು, ಬಿಎಂಟಿಸಿ ಬಸ್ ಇರಲಿಲ್ಲ. ಮೇನ್ ರೋಡನ್ನು ಅವಳು ಸದ್ಯಕ್ಕೆ ಒಬ್ಬಳೇ ದಾಟುವುದು ಬೇಡ ಅಂದೆ. ಅಪ್ಪನಿಗೆ ಇದು ಹಿಡಿಸಲಿಲ್ಲ. ನಾನು ಅಮ್ಮನ ಪರ ಅಂತ ಅವರಿಗೆ ಅನಿಸಿರಬೇಕು.

ಅಮ್ಮನಿಗೆ ಹೇಳಿದ್ದು ಬೇರೆ. ಅವರ ಫೋನಿನಲ್ಲಿ ಮಕ್ಕಳ ಕಳ್ಳರ ಬಗ್ಗೆ ಬಂದ ಮೆಸೇಜುಗಳು ಎಷ್ಟಿದ್ದವೋ. 2018ರ ಮೇ ತಿಂಗಳಲ್ಲಿ ಇಂಥದೇ ವಾಟ್ಸಾಪ್ ಸುದ್ದಿ ನಂಬಿ, ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನೊಬ್ಬನನ್ನು ಚಾಮರಾಜಪೇಟೆಯಲ್ಲಿ ಜನ ಹೊಡೆದು ಕೊಂದರು. ಅವನು ಯಾವ ಮಗುವನ್ನೂ ಕದ್ದಿರಲಿಲ್ಲ. ಭಯ ಪಡಬೇಡಿ ಅಂತ ನಾನು ಹೇಳುವುದಿಲ್ಲ. ಮೆಸೇಜಿಗೆ ಹೆದರುವಷ್ಟೇ ಮೇನ್ ರೋಡಿಗೂ ಹೆದರಿ, ಮಗಳ ಬಾಯಿ ಮುಚ್ಚಿಹೋಗುವುದಕ್ಕೂ ಹೆದರಿ ಅಂದೆ.

ಹಾಗೆ ನೋಡಿದರೆ ಇದು ಬೆಂಗಳೂರಿಗೆ ಮಾತ್ರ ಬಂದ ಕಾಲವಲ್ಲ. ಇಂಗ್ಲೆಂಡಿನಲ್ಲಿ 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ನೂರಕ್ಕೆ 80 ಮಂದಿ ದೊಡ್ಡವರಿಲ್ಲದೆ ಶಾಲೆಗೆ ಹೋಗುತ್ತಿದ್ದರು, 1990ಕ್ಕೆ ಅದು 9ಕ್ಕೆ ಇಳಿದಿತ್ತು. ನಮ್ಮ ಆರ್‌ಟಿಇ (ಶಿಕ್ಷಣ ಹಕ್ಕು) ನಿಯಮಗಳಂತೂ ಐದನೇ ತರಗತಿವರೆಗಿನ ಮಗುವಿಗೆ 1 ಕಿ.ಮೀ. ನಡಿಗೆಯೊಳಗೆ ಶಾಲೆ ಇರಬೇಕು ಅನ್ನುತ್ತವೆ. ಮಗು ನಡೆದು ಹೋಗುತ್ತದೆ ಅಂತ ಕಾನೂನೇ ಅಂದುಕೊಂಡಿದೆ, ರಸ್ತೆ ಮಾಡುವವರಿಗೆ ಮಾತ್ರ ಅದು ಗೊತ್ತಿಲ್ಲ. ಇನ್ನೊಂದು ಮಾತು. ಕಳಿಸೋದಾ ಬೇಡ್ವಾ ಅನ್ನುವ ಚರ್ಚೆಯೇ ವ್ಯಾನಿಗೆ ದುಡ್ಡು ಕೊಡಬಲ್ಲ ಮನೆಗಳದು. ಬೆಳಿಗ್ಗೆ ಎಂಟಕ್ಕೇ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಡುವ ಅಮ್ಮಂದಿರ ಮಕ್ಕಳು ಎರಡನೇ ಕ್ಲಾಸಿನಿಂದಲೇ ತಮ್ಮನ ಕೈ ಹಿಡಿದು ಹೋಗುತ್ತಾರೆ. ಅವರನ್ನು ಯಾರೂ ನನ್ನ ಬಳಿ ಕರೆತರುವುದಿಲ್ಲ.

ಸಿರಿ ದಸರಾ ರಜೆ ಮುಗಿದ ಮೇಲೆ ಮತ್ತೆ ನಡೆಯಲು ಶುರುಮಾಡಿದಳು. ಮೊದಲು ಅಪ್ಪ ಜೊತೆಯಲ್ಲಿ, ಆಮೇಲೆ ಹತ್ತು ಹೆಜ್ಜೆ ಹಿಂದೆ, ಆಮೇಲೆ ಮೇನ್ ರೋಡಿನ ಹತ್ತಿರ ಮಾತ್ರ. ಹಿಂದೆ ಬರುವುದನ್ನು ಅವಳಿಗೆ ಹೇಳಿಯೇ ಬರಬೇಕು, ಕದ್ದು ಬರಬಾರದು ಅಂತ ನಾನು ಖಡಾಖಂಡಿತವಾಗಿ ಹೇಳಿದ್ದೆ. ಸಂಜೆ ಶಾಲೆಯ ಸೆಕ್ಯುರಿಟಿಯವರು ರಸ್ತೆ ದಾಟಿಸುತ್ತಾರೆ. ಇಸ್ತ್ರಿ ಅಂಗಡಿ, ಹಾಲಿನ ಬೂತ್, ಬೇಕರಿ, ಈ ಮೂರೂ ಕಡೆ ಅಮ್ಮನೇ ಹೋಗಿ ಮಗಳ ಪರಿಚಯ ಮಾಡಿಸಿ ಬಂದರು. ಈಗ ಅವಳು ದಾರಿಯ ಸುದ್ದಿಯನ್ನೆಲ್ಲ ಹೇಳುತ್ತಾಳಂತೆ. ಎರಡನೇ ಕ್ರಾಸಿನ ನಾಯಿ ಮರಿ ಹಾಕಿದ್ದು, ಫುಟ್‌ಪಾತ್ ಮೇಲೆ ಕಾರು ನಿಲ್ಲಿಸಿದ ಅಂಕಲ್‌ಗೆ ತೆಗೀರಿ ಅಂದಿದ್ದು, ಎಲ್ಲ. "ಕೇಳಿ ಕೇಳಿ ಸಾಕಾಗಿದೆ ಮೇಡಂ," ಅಂದರು ಅಮ್ಮ. ಕೇಳಿಸಿಕೊಳ್ಳಿ ಅಂದೆ. ಅಜ್ಜಿ ಇನ್ನೂ ಒಪ್ಪಿಲ್ಲ.

ಹೋದ ತಿಂಗಳು ಅಪ್ಪ ಫೋನ್ ಮಾಡಿದ್ದರು. ಸಂಜೆ ಏಳು ಗಂಟೆಯ ಟ್ಯೂಷನ್‌ಗೂ ಒಬ್ಬಳೇ ಹೋಗುತ್ತೇನೆ ಅನ್ನುತ್ತಿದ್ದಾಳೆ, ಕಳಿಸಲಾ ಅಂತ. ಆ ರಸ್ತೆಯಲ್ಲಿ ಬೀದಿದೀಪ ಉರಿಯುತ್ತದಾ ಅಂತ ಕೇಳಿದೆ. ಅರ್ಧಕ್ಕರ್ಧ ಇಲ್ಲ ಅಂದರು. ಹಾಗಾದರೆ ಸದ್ಯಕ್ಕೆ ಬೇಡ, ಯಾಕೆ ಬೇಡ ಅಂತ ಅವಳಿಗೇ ಹೇಳಿ ಅಂದೆ. ದೀಪದ ಬಗ್ಗೆ ಕಂಪ್ಲೇಂಟ್ ಕೊಡುವಾಗ ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ ಅಂದೆ.