ಏಳು ಸೀಟಿನ ದೊಡ್ಡ ಎಸ್‌ಯುವಿಯನ್ನು ಮಣ್ಣು ದಾರಿಗೆ ಸಜ್ಜು ಮಾಡಬೇಕು, ಯಾವುದರಿಂದ ಶುರು ಮಾಡಲಿ?

ಏಳು ಸೀಟಿನ ಗಾಡಿ ಇದೆ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಜಲ್ಲಿ ರಸ್ತೆ, ಕಾಡಿನ ಮಣ್ಣು ದಾರಿ, ಸಣ್ಣಪುಟ್ಟ ಹಳ್ಳ ದಾಟುವಷ್ಟು ಆಫ್‌ರೋಡ್ ಮಾಡಬೇಕು, ಅದಕ್ಕೆ ಎರಡಿಂಚು ಲಿಫ್ಟ್ (ಗಾಡಿಯನ್ನು ಎತ್ತರಿಸುವುದು), ಸ್ಟೀಲ್ ಬಂಪರ್, ವಿಂಚ್ (ಹೂತ ಗಾಡಿ ಎಳೆಯುವ ಮೋಟಾರು ರಾಟೆ), ರೂಫ್ ರ್ಯಾಕ್ ಹಾಕಿಸೋಣ ಅಂತಿದ್ದೇನೆ, ಯಾವುದು ಮೊದಲು ಅಂತ ಕೇಳಿದ್ದೀರಿ. ಟೈರು ಮೊದಲು. ಅದಕ್ಕೂ ಮುಂಚೆ ಪೇಪರು ಪೆನ್ನು ತಗೊಂಡು ತೂಕದ ಲೆಕ್ಕ ಹಾಕಿ. ಇವೆರಡೂ ನಿಮ್ಮ ಪಟ್ಟಿಯಲ್ಲಿ ಇಲ್ಲ. ಪಟ್ಟಿಯಲ್ಲಿ ಇರುವುದರಲ್ಲಿ ಬಹುಪಾಲು ನಿಮಗೆ ಬೇಕಾಗುವುದೂ ಇಲ್ಲ.

ನಾನು ಓಡಿಸುವುದೂ ಅದೇ ಗಾತ್ರದ ಗಾಡಿ. ವಾರವೆಲ್ಲ ಟಾರು ರಸ್ತೆ, ರಜೆ ಸಿಕ್ಕಾಗ ಮಣ್ಣು. ಹಾಗಾಗಿ ಸ್ಪರ್ಧೆಗೆ ಹೋಗುವವರ ಮಾತು ನಿಮಗೆ ಹೇಳುವುದಿಲ್ಲ, ಹಿಂದಿನ ಸೀಟಲ್ಲಿ ಮಕ್ಕಳು ನಿದ್ದೆ ಮಾಡುತ್ತಿರುವ ಗಾಡಿಯ ಮಾತು ಹೇಳುತ್ತೇನೆ.

ಮೊದಲು ತೂಕ. ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದ ಮೇಲೆ ಒಂದು ಸ್ಟಿಕರ್ ಇರುತ್ತದೆ, ಅಲ್ಲಿ ಇಲ್ಲದಿದ್ದರೆ ಮ್ಯಾನ್ಯುಯಲ್‌ನಲ್ಲಿ ನೋಡಿ. ಗಾಡಿ, ಜನ, ಸಾಮಾನು ಎಲ್ಲ ಸೇರಿ ಎಷ್ಟು ತೂಕ ಮೀರಬಾರದು ಅಂತ ಬರೆದಿರುತ್ತಾರೆ. ಅದರಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದೇ ನೀವು ಹೇರಬಹುದಾದ ಭಾರ. ಅದು 600 ಕೆಜಿ ಅಂತ ಇಟ್ಟುಕೊಳ್ಳಿ. ಏಳು ಜನ, ದೊಡ್ಡವರು ಚಿಕ್ಕವರು ಸೇರಿ ಸರಾಸರಿ 65 ಕೆಜಿ ಅಂದರೂ 455 ಆಯಿತು. ಉಳಿದದ್ದು 145. ಸ್ಟೀಲ್ ಬಂಪರ್ರೂ ವಿಂಚೂ ಸೇರಿದರೆ ಸುಲಭವಾಗಿ 80 ಕೆಜಿ ದಾಟುತ್ತದೆ. ರೂಫ್ ರ್ಯಾಕ್ ತಾನೇ ಒಂದು 30 ಕೆಜಿ. ಕುಡಿಯುವ ನೀರು ಲೀಟರಿಗೆ ಒಂದು ಕೆಜಿ. ಇನ್ನು ಬಟ್ಟೆಬರೆ, ಟೂಲ್ಸ್, ಟೆಂಟು ಎಲ್ಲಿಡುತ್ತೀರಿ? ಒಂದು ಚಕ್ರ ಕೂಡ ಮಣ್ಣಿಗೆ ಇಳಿಯುವ ಮೊದಲೇ ಗಾಡಿಯ ತೂಕದ ಲೆಕ್ಕ ಮುಗಿದುಹೋಗಿರುತ್ತದೆ.

ಇದು ಸುಮ್ನೆ ಕಾಗದದ ಲೆಕ್ಕ ಅಂದುಕೊಳ್ಳಬೇಡಿ. ಭಾರ ಜಾಸ್ತಿಯಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಹೆಚ್ಚು ದೂರ ಬೇಕು, ಟೈರು ಬಿಸಿಯಾಗುತ್ತದೆ, ಹಿಂದಿನ ಸ್ಪ್ರಿಂಗ್ ಕುಸಿದು ಕೂರುತ್ತದೆ. ಮರಳಲ್ಲಿ, ಕೆಸರಲ್ಲಿ ಹಗುರ ಗಾಡಿ ತೇಲಿದ ಹಾಗೆ ಹೋಗುವ ಕಡೆ ಭಾರದ ಗಾಡಿ ಹೂತುಕೊಳ್ಳುತ್ತದೆ. ಅದರಲ್ಲೂ ತಲೆ ಮೇಲಿನ ಭಾರ ಬಹಳ ಕೆಟ್ಟದ್ದು. ಮೇಲೆ ಎಷ್ಟು ಹೇರಬಹುದು ಅಂತ ಮ್ಯಾನ್ಯುಯಲ್‌ನಲ್ಲಿ ಬೇರೆಯೇ ಮಿತಿ ಕೊಟ್ಟಿರುತ್ತಾರೆ, ರ್ಯಾಕಿನ ಸ್ವಂತ ತೂಕವನ್ನೂ ಅದರಲ್ಲೇ ಸೇರಿಸಬೇಕು. ದಾರಿ ಒಂದು ಪಕ್ಕಕ್ಕೆ ವಾಲಿದಾಗ ಮೇಲಿನ 60 ಕೆಜಿ ಏನು ಮಾಡುತ್ತದೆ ಅಂತ ಒಳಗೆ ಕೂತವರಿಗೆಲ್ಲ ಗೊತ್ತಾಗುತ್ತದೆ. ರೂಫ್ ಮೇಲೆ ಹಾಸಿಗೆ, ಖಾಲಿ ಬ್ಯಾಗು, ಟಾರ್ಪಾಲಿನಂಥ ಹಗುರ ಸಾಮಾನು ಇಡಿ, ಸಾಕು. ನೀರು, ಟೂಲ್ ಬಾಕ್ಸ್ ಗಾಡಿಯೊಳಗೆ, ಕೆಳಗೆ, ಆದಷ್ಟು ಮಧ್ಯಕ್ಕೆ ಇರಲಿ, ಬೆಲ್ಟ್ ಹಾಕಿ ಕಟ್ಟಿರಲಿ.

ಈಗ ಟೈರು. ಇಂಥ ಗಾಡಿಗಳಿಗೆ ಕಂಪನಿಯಿಂದ ಬರುವುದು ಹೆಚ್ಚಾಗಿ ಹೈವೇ ಟೈರು, ಅದೂ ದೊಡ್ಡ ರಿಮ್‌ಗೆ ತೆಳ್ಳಗೆ ಸುತ್ತಿದ್ದು. 20 ಇಂಚಿನ ರಿಮ್ ನೋಡಲು ಚೆಂದ, ಒಪ್ಪುತ್ತೇನೆ. ಆದರೆ ರಿಮ್ಮಿಗೂ ನೆಲಕ್ಕೂ ನಡುವೆ ರಬ್ಬರ್ ಕಡಿಮೆ, ಚೂಪು ಕಲ್ಲು ಹೊಡೆದರೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಸೀಳುತ್ತದೆ ಇಲ್ಲವೇ ರಿಮ್ ಬೆಂಡ್ ಆಗುತ್ತದೆ. ಸೈಡ್‌ವಾಲ್ ಹೋದರೆ ಪಂಕ್ಚರ್ ಹಾಕಿ ಸರಿಮಾಡುವ ಮಾತೇ ಇಲ್ಲ, ಟೈರೇ ಹೋಯಿತು. ಹಾಗಾಗಿ ನಿಮ್ಮ ಗಾಡಿಯ ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಒಳಗೆ ಹಿಡಿಯುವುದಾದರೆ 18 ಅಥವಾ 17 ಇಂಚಿನ ರಿಮ್‌ಗೆ ಇಳಿಯಿರಿ, ಹೊರಗಿನ ಅಳತೆ ಹೆಚ್ಚುಕಡಿಮೆ ಅಷ್ಟೇ ಇರಲಿ, ಸೈಡ್‌ವಾಲ್ ಎತ್ತರ ತಾನಾಗೇ ಹೆಚ್ಚುತ್ತದೆ. ಅದೇ ಮಾಡಲ್‌ನ ಕಡಿಮೆ ದರ್ಜೆಯ ಗಾಡಿಗೆ ಕಂಪನಿಯೇ ಸಣ್ಣ ರಿಮ್ ಕೊಟ್ಟಿರುತ್ತದೆ ಎಷ್ಟೋ ಸಲ, ಬ್ರೇಕ್ ಒಂದೇ ಆಗಿದ್ದರೆ ಅದು ಕಣ್ಣುಮುಚ್ಚಿ ಕೂರುತ್ತದೆ.

ಯಾವ ಬಗೆ? ಆಲ್ ಟೆರೇನ್, ಅಂದರೆ ಟಾರು ಮಣ್ಣು ಎರಡಕ್ಕೂ ಆಗುವುದು. ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಬೇಡವೇ ಬೇಡ. ಅದು ಟಾರು ರಸ್ತೆಯಲ್ಲಿ ಗುಂಯ್ ಅಂತ ಸದ್ದು ಮಾಡುತ್ತದೆ, ಮಳೆಯಲ್ಲಿ ಹಿಡಿತ ಕಡಿಮೆ, ನಿಮ್ಮ ಗಾಡಿ ವರ್ಷದ ಬಹುಪಾಲು ಓಡುವುದು ಟಾರಿನ ಮೇಲೇ ಅಲ್ವಾ? ಟೈರಿನ ಮೇಲಿನ ಲೋಡ್ ಇಂಡೆಕ್ಸ್ (ಎಷ್ಟು ಭಾರ ಹೊರುತ್ತದೆ ಅನ್ನುವ ಸಂಖ್ಯೆ) ಕಂಪನಿ ಟೈರಿಗಿಂತ ಕಡಿಮೆ ಇರಬಾರದು. ಇಂಗ್ಲಿಷಿನ ಎಲ್‌ಟಿ ಅಕ್ಷರ ಇರುವ ಟೈರು ಗಟ್ಟಿ, ಆದರೆ ಭಾರ. ಅದೇ ತೂಕ ಹೊರಲು ರಸ್ತೆಯಲ್ಲಿ ಅದಕ್ಕೆ ಗಾಳಿಯೂ ಹೆಚ್ಚು ಬೇಕು. ಹಳೆಯ ಪ್ರೆಶರನ್ನೇ ಮುಂದುವರಿಸಬೇಡಿ.

ದೊಡ್ಡ ಟೈರು ಹಾಕಿದರೆ ಎಷ್ಟು ಎತ್ತರ ಸಿಗುತ್ತದೆ ಅಂತಲೂ ಲೆಕ್ಕ ಮಾಡಿ ನೋಡಿ. 265/60 ಆರ್18 (265 ಮಿಮೀ ಅಗಲ, ಅದರ ಶೇಕಡಾ 60ರಷ್ಟು ಸೈಡ್‌ವಾಲ್ ಎತ್ತರ, 18 ಇಂಚಿನ ರಿಮ್) ಟೈರಿನ ವ್ಯಾಸ ಸುಮಾರು 775 ಮಿಮೀ, 265/65 ಆರ್18 ಸುಮಾರು 802. ವ್ಯತ್ಯಾಸ 27 ಮಿಮೀ, ಅದರಲ್ಲಿ ಅರ್ಧ ಮಾತ್ರ ಗ್ರೌಂಡ್ ಕ್ಲಿಯರೆನ್ಸ್‌ಗೆ ಸೇರುತ್ತದೆ, ಅಂದರೆ 13 ಮಿಮೀ. ಅಷ್ಟಕ್ಕೇ ಸ್ಪೀಡೋಮೀಟರ್ ಲೆಕ್ಕ ಶೇಕಡಾ 3ಕ್ಕಿಂತ ಹೆಚ್ಚು ಬದಲಾಗುತ್ತದೆ. ಮುಂದಿನ ಚಕ್ರ ಪೂರ್ತಿ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್ ಲೈನರ್‌ಗೆ ಉಜ್ಜುತ್ತದೋ ಅಂತಲೂ ನೋಡಬೇಕು. ಇನ್ನೊಂದು ಮಾತು, ಐದು ಟೈರು ತಗೊಳ್ಳಿ. ಸ್ಟೆಪ್ನಿ ಬೇರೆ ಅಳತೆಯದಾದರೆ ನಾಲ್ಕೂ ಚಕ್ರಕ್ಕೆ ಸದಾ ಶಕ್ತಿ ಹೋಗುವ ಗಾಡಿಯಲ್ಲಿ ಡಿಫರೆನ್ಷಿಯಲ್ (ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಡಬ್ಬಿ) ಮೇಲೆ ಸುಮ್ನೆ ಒತ್ತಡ ಬೀಳುತ್ತದೆ. ಕೆಳಗೆ ನೇತುಹಾಕುವ ಜಾಗದಲ್ಲಿ ಹೊಸ ಅಳತೆ ಹಿಡಿಯುತ್ತದೋ ಅಂತ ಅಂಗಡಿಯಲ್ಲೇ ಹಾಕಿ ನೋಡಿ, ದಾರಿಯಲ್ಲಿ ನೋಡುವ ವಿಷಯ ಅದಲ್ಲ.

ಟೈರಿಗಿಂತಲೂ ದೊಡ್ಡ ಬದಲಾವಣೆ ತರುವುದು ಅದರೊಳಗಿನ ಗಾಳಿ, ಇದನ್ನು ಹೊಸಬರು ನಂಬುವುದೇ ಇಲ್ಲ. ಮೆತ್ತನೆ ಮರಳಿನ ಮೇಲೆ ಗಾಡಿ ನಿಲ್ಲಿಸಿ ನೀವೇ ನೋಡಿ. ಗಾಳಿಯ ಒತ್ತಡ 35 ಪಿಎಸ್‌ಐ ಇದ್ದಾಗ ಟೈರಿನ ಗುರುತು ಗಿಡ್ಡ, ಆಳ, ಅಂಚು ಕತ್ತರಿಸಿದ ಹಾಗೆ. ವಾಲ್ವ್ ಒತ್ತಿ ಹಿಡಿದರೆ ಸುಯ್ಯ್ ಅಂತ ಗಾಳಿ ಹೋಗುತ್ತ ಹೋಗುತ್ತ ಸೈಡ್‌ವಾಲ್ ಕೆಳಗೆ ಸ್ವಲ್ಪ ಉಬ್ಬುತ್ತದೆ. 20ಕ್ಕೆ ಬಂದಾಗ ಗಾಡಿಯನ್ನು ಒಂದು ಮಾರು ಮುಂದೆ ತಂದು ಇಳಿದು ನೋಡಿ. ಗುರುತು ಉದ್ದವಾಗಿದೆ, ಆಳ ಕಡಿಮೆಯಾಗಿದೆ. ಟೈರು ಅಗಲವಾಗುವುದಕ್ಕಿಂತ ಉದ್ದಕ್ಕೆ ಹೆಚ್ಚು ನೆಲ ಹಿಡಿಯುತ್ತದೆ, ಲಾಭ ಇರುವುದೇ ಅಲ್ಲಿ. ಒಂದು ನಿಮಿಷ ಮುಂಚೆ ಅಲುಗಾಡದೆ ಮರಳು ತೋಡುತ್ತಿದ್ದ ಗಾಡಿ ಮೆಲ್ಲಗೆ ಎದ್ದು ಬರುತ್ತದೆ.

ನಾನು ಅನುಸರಿಸುವ ಲೆಕ್ಕ ಹೀಗಿದೆ: ರಸ್ತೆಗೆ 35 ಇದ್ದರೆ ಜಲ್ಲಿಗೆ 26ರಿಂದ 28, ಮೆತ್ತನೆ ಮರಳಿಗೆ 18ರಿಂದ 20. 15ಕ್ಕಿಂತ ಕೆಳಗೆ ಹೋಗಬೇಡಿ, ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿ ಬರಬಹುದು. ಭಾರ ಜಾಸ್ತಿ ಇದ್ದರೆ ಎಲ್ಲದಕ್ಕೂ ಎರಡು ಮೂರು ಸೇರಿಸಿ. ಚೂಪು ಬಂಡೆ ಇರುವ ಕಡೆ ತೀರಾ ಇಳಿಸಬೇಡಿ, ಉಬ್ಬಿದ ಸೈಡ್‌ವಾಲನ್ನೇ ಕಲ್ಲು ಸೀಳುತ್ತದೆ. ಗಾಳಿ ಇಳಿಸಿದ ಮೇಲೆ ಸ್ಪೀಡೂ ಇಳಿಯಬೇಕು, ಟಾರು ಸಿಕ್ಕ ಕೂಡಲೇ ಮತ್ತೆ ತುಂಬಬೇಕು. ಅದಕ್ಕೆ ಒಳ್ಳೆಯ ಗೇಜ್, ಬ್ಯಾಟರಿಗೇ ಕ್ಲಿಪ್ ಹಾಕುವ ಕಂಪ್ರೆಸರ್ ಬೇಕು. ಲೈಟರ್ ಸಾಕೆಟ್‌ಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಇಷ್ಟು ದೊಡ್ಡ ನಾಲ್ಕು ಟೈರು ತುಂಬುವಷ್ಟರಲ್ಲಿ ಕಾದು ಕೆಂಡವಾಗುತ್ತದೆ. ಇಂಜಿನ್ ಚಾಲೂ ಇಟ್ಟೇ ತುಂಬಿ.

ಆಮೇಲೆ ಒಂದು ಚಾಪೆ ಹಾಸಿ, ಟಾರ್ಚ್ ಹಿಡಿದು, ಗಾಡಿ ಕೆಳಗೆ ಇಣುಕಿ. ಜ್ಯಾಕ್ ಹಾಕಿ ಎತ್ತಿದ ಗಾಡಿಯ ಕೆಳಗೆ ಮಾತ್ರ ನುಗ್ಗಬೇಡಿ, ನೆಲದ ಮೇಲೆ ನಿಂತದ್ದು ಸಾಕು. ಎಲ್ಲಕ್ಕಿಂತ ಕೆಳಗೆ ಏನು ನೇತಾಡುತ್ತಿದೆ ನೋಡಿ. ಎಷ್ಟೋ ಗಾಡಿಯಲ್ಲಿ ಅದು ಪಕ್ಕದ ಫುಟ್‌ಸ್ಟೆಪ್. ತೆಳು ಅಲ್ಯೂಮಿನಿಯಂ, ಮೊದಲ ದಿಬ್ಬಕ್ಕೇ ತಾಗಿ ಮೇಲಕ್ಕೆ ಮಡಚಿ ಬಾಗಿಲಿನ ಅಂಚನ್ನೂ ಒತ್ತುತ್ತದೆ. ನಾಲ್ಕಾರು ಬೋಲ್ಟ್ ಬಿಚ್ಚಿದರೆ ಬಂತು, ಕಾಸು ಖರ್ಚಿಲ್ಲದೆ ಎತ್ತರ ಸಿಕ್ಕಿತು. ಮನೆಯಲ್ಲಿ ವಯಸ್ಸಾದವರು ಹತ್ತಲು ಅದು ಬೇಕೇ ಬೇಕು ಅನ್ನುವುದಾದರೆ ಚಾಸಿಗೆ ಬೋಲ್ಟ್ ಆಗುವ ರಾಕ್ ಸ್ಲೈಡರ್ ಹಾಕಿಸಿ, ಮೆಟ್ಟಿಲೂ ಆಗುತ್ತದೆ, ಕಲ್ಲಿಗೂ ತಡೆಯುತ್ತದೆ. ಚಾಸಿ ಇಲ್ಲದೆ ಬಾಡಿಯೇ ಚೌಕಟ್ಟಾಗಿರುವ ಗಾಡಿಯಾದರೆ ಬೋಲ್ಟ್ ಹಾಕುವ ಜಾಗ ಆ ಭಾರ ಹೊರುತ್ತದೋ ಅಂತ ಕೇಳಿ ತಿಳಿದುಕೊಂಡೇ ಮುಂದುವರಿಯಿರಿ.

ಇಂಜಿನ್ ಸಂಪ್ (ಆಯಿಲ್ ನಿಲ್ಲುವ ತಳದ ತಟ್ಟೆ) ಕೆಳಗೆ ಬರೀ ಪ್ಲಾಸ್ಟಿಕ್ ಇದ್ದರೆ ಕಲ್ಲಿನ ಹೊಡೆತ ತಡೆಯುವ ಲೋಹದ ಸ್ಕಿಡ್ ಪ್ಲೇಟ್‌ಗೆ ದುಡ್ಡು ಹಾಕಿ. ಸಂಪ್ ಒಡೆದು ಆಯಿಲ್ ಸೋರಿದರೆ ಪ್ರವಾಸ ಅಲ್ಲಿಗೇ ಮುಗಿಯಿತು. ಆಯಿಲ್ ಬದಲಿಸಲು ತೂತು ಇದೆಯಾ, ಒಳಗೆ ಕೂತ ಮಣ್ಣು ನೀರು ಹೊಡೆದಾಗ ಹೊರಗೆ ಬರುತ್ತದಾ ನೋಡಿ ತಗೊಳ್ಳಿ.

ಇಷ್ಟಾದ ಮೇಲೆ ಲಿಫ್ಟ್. ಈ ಗಾತ್ರದ ಗಾಡಿಯ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ) ಉದ್ದ, ಹಾಗಾಗಿ ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ತಾಗುವುದು ನಿಜ, ಲಿಫ್ಟ್ ಕೇಳುವವರು ಸುಮ್ನೆ ಕೇಳುವುದಿಲ್ಲ. ಆದರೆ ಎರಡಿಂಚು ಎತ್ತಿದರೆ ಮುಂದಿನ ಡ್ರೈವ್ ಶಾಫ್ಟ್‌ಗಳ ಕೋನ ಜಾಸ್ತಿಯಾಗುತ್ತದೆ, ಆ ಶಾಫ್ಟಿನ ತುದಿಯ ಕೀಲಿನ, ಅಂದರೆ ಸಿವಿ ಜಾಯಿಂಟಿನ, ರಬ್ಬರ್ ಬೂಟ್ ಬೇಗ ಹರಿಯುತ್ತದೆ. ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಹೆಡ್‌ಲೈಟ್ ತಗ್ಗಿಸಬೇಕು, ತಾನಾಗಿ ಬ್ರೇಕ್ ಹಿಡಿಯುವ ಕ್ಯಾಮೆರಾ, ರೇಡಾರ್ ಇದ್ದರೆ ಅದನ್ನೂ ಮತ್ತೆ ಹೊಂದಿಸಬೇಕು. ಸ್ಪ್ರಿಂಗ್ ಮೇಲೆ ಸ್ಪೇಸರ್ ಇಟ್ಟು ಎತ್ತುವುದು ಅಗ್ಗದ ದಾರಿ. ಎತ್ತರವೇನೋ ಸಿಗುತ್ತದೆ, ಭಾರ ಹೊರುವ ಶಕ್ತಿ ಒಂದಿಷ್ಟೂ ಹೆಚ್ಚುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಹೊಸ ಟೈರಲ್ಲಿ ಒಂದು ವರ್ಷ ಓಡಾಡಿ. ಎಲ್ಲಿ ತಾಗುತ್ತದೆ, ಜನ ಸಾಮಾನು ತುಂಬಿದಾಗ ಹಿಂಭಾಗ ಎಷ್ಟು ಕೂರುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಆಗಲೂ ಬೇಕು ಅನ್ನಿಸಿದರೆ ನೀವು ನಿಜವಾಗಿ ಹೇರುವ ತೂಕಕ್ಕೆ ಸರಿಹೊಂದುವ ಸ್ಪ್ರಿಂಗು, ಒಳ್ಳೆಯ ಶಾಕ್ ಅಬ್ಸಾರ್ಬರ್ ಹಾಕಿಸಿ, ಒಂದರಿಂದ ಒಂದೂವರೆ ಇಂಚು ಮೀರಬೇಡಿ. ಯಾವತ್ತೋ ಒಂದಿನ ಹೇರುವ 300 ಕೆಜಿಗೆ ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಉಳಿದ ದಿನವೆಲ್ಲ ಖಾಲಿ ಗಾಡಿ ಕುಟ್ಟುತ್ತದೆ, ಮೂರನೇ ಸಾಲಿನಲ್ಲಿ ಕೂತ ಮಕ್ಕಳು ವಾಂತಿ ಮಾಡಿಕೊಳ್ಳುತ್ತಾರೆ.

ವಿಂಚ್ ಬದಲು ಒಂದು ಸಲಿಕೆ, ಒಂದು ಜೊತೆ ರಿಕವರಿ ಬೋರ್ಡು (ಹೂತ ಚಕ್ರದ ಕೆಳಗೆ ಇಡುವ ಹಲಗೆ), ಎಳೆಯಲು ಮೀಸಲಾದ ಹಿಗ್ಗುವ ಹಗ್ಗ, ಎರಡು ಸಾಫ್ಟ್ ಶ್ಯಾಕಲ್ (ಹಗ್ಗದಿಂದಲೇ ಮಾಡಿದ ಕೊಂಡಿ) ಇಟ್ಟುಕೊಳ್ಳಿ. ಇವುಗಳ ಜೊತೆಗೆ ಮುಂದೆ ಹಿಂದೆ ಚಾಸಿಗೆ ಬಿಗಿದ, ಎಷ್ಟು ಟನ್ ತಡೆಯುತ್ತದೆ ಅಂತ ಗುರುತು ಇರುವ ರಿಕವರಿ ಪಾಯಿಂಟ್ (ಹಗ್ಗ ಸಿಕ್ಕಿಸುವ ಜಾಗ) ಬೇಕು. ಬಂಪರಿಗೆ ತಿರುಗಿಸಿ ಹಾಕುವ ಕೊಂಡಿ ಸಪಾಟು ರಸ್ತೆಯಲ್ಲಿ ಮೆಲ್ಲಗೆ ಎಳೆಯಲು ಇರುವುದು, ಹೂತ ಗಾಡಿಯನ್ನು ಜಗ್ಗಲು ಅಲ್ಲ. ಟ್ರೇಲರ್ ಸಿಕ್ಕಿಸುವ ಟೋ ಬಾಲ್‌ಗೆ ಹಗ್ಗ ಹಾಕಿ ಜಗ್ಗುವುದನ್ನಂತೂ ಯಾರು ಹೇಳಿದರೂ ಒಪ್ಪಬೇಡಿ. ಆ ಗುಂಡು ಮುರಿದು ಹಾರಿ ಜನ ಸತ್ತಿದ್ದಾರೆ. ಎಳೆಯುವಾಗ ಮಕ್ಕಳು ಹಗ್ಗದ ಉದ್ದದ ಒಂದೂವರೆ ಪಟ್ಟಾದರೂ ದೂರ, ಪಕ್ಕಕ್ಕೆ ನಿಂತಿರಬೇಕು.

ನೀರಿನ ವಿಷಯ. ಇಂಜಿನ್ ಎಲ್ಲಿಂದ ಗಾಳಿ ಎಳೆದುಕೊಳ್ಳುತ್ತದೆ ಅಂತ ಬಾನೆಟ್ ತೆಗೆದು ನೋಡಿಡಿ, ನೀರು ಅಲ್ಲಿಗೆ ಹೋದರೆ ಇಂಜಿನ್ ಹೋಯಿತು. ಸ್ನಾರ್ಕೆಲ್ (ಇಂಜಿನ್‌ಗೆ ಮೇಲಿಂದ ಗಾಳಿ ತರುವ ಕೊಳವೆ) ಹಾಕಿಸಿದರೂ ವೈರಿಂಗ್, ಆಲ್ಟರ್ನೇಟರ್, ಬಾಗಿಲಿನ ರಬ್ಬರ್ ಯಾವುದೂ ಬದಲಾಗಿರುವುದಿಲ್ಲ. ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಮೂಲಕ ನೀರು ಎಳೆದುಕೊಳ್ಳುತ್ತದೆ, ಅದು ಉಸಿರಾಡುವ ಬ್ರೀದರ್ ಪೈಪನ್ನು ಮೇಲಕ್ಕೆ ಎಳೆಸುವುದು ಸಣ್ಣ ಕೆಲಸ, ಮಾಡಿಸಿ. ನೀರು ಹರಿಯುತ್ತಿದ್ದು ತಳ ಕಾಣದಿದ್ದರೆ, ಮನೆಯವರು ಒಳಗಿದ್ದರೆ, ನಾನು ದಾಟುವುದಿಲ್ಲ.

ಹೆಚ್ಚುವರಿ ಲೈಟಿಗೆ ಅವಸರ ಮಾಡಬೇಡಿ, ರಾತ್ರಿ ಹೊತ್ತು ಮಕ್ಕಳನ್ನು ಕೂರಿಸಿಕೊಂಡು ಆಫ್‌ರೋಡ್ ಮಾಡುವ ಅಗತ್ಯವೇ ಇಲ್ಲ. ಯಾವ ಬದಲಾವಣೆಗೂ ಮುಂಚೆ ನಿಮ್ಮಲ್ಲಿನ ನಿಯಮ ಏನು, ಇನ್ಶೂರೆನ್ಸ್‌ನವರು ಒಪ್ಪುತ್ತಾರಾ ಅಂತ ಬರಹದಲ್ಲಿ ತಿಳಿದುಕೊಳ್ಳಿ. ಫೋರ್ ವೀಲ್ ಡ್ರೈವ್ ಯಾವ ಬಗೆಯದು ಅಂತಲೂ ಮ್ಯಾನ್ಯುಯಲ್ ಓದಿ. ಬೇಕಾದಾಗ ಮಾತ್ರ ಹಾಕುವ ಬಗೆಯದಾದರೆ ಒಣ ಟಾರಿನ ಮೇಲೆ ಹಾಕಿ ಓಡಿಸಬೇಡಿ, ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರ ಬೇರೆ ಬೇರೆ ದೂರ ಉರುಳುವುದರಿಂದ ಗೇರುಗಳು ಬಿಗಿದುಕೊಳ್ಳುತ್ತವೆ.

ಹೊಸ ಚಕ್ರ ಹಾಕಿಸಿದ ಮೇಲೆ 80ರಿಂದ 100 ಕಿಮೀ ಓಡಿಸಿ ವೀಲ್ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ (ಎಷ್ಟು ಬಿಗಿ ಅಂತ ಅಳೆದು ತಿರುಗಿಸುವ ಸ್ಪ್ಯಾನರ್) ಮತ್ತೊಮ್ಮೆ ಬಿಗಿ ನೋಡಿ. ಗಾಡಿಯ ಮಾಡಲ್, ಈಗಿನ ಟೈರಿನ ಮೇಲಿರುವ ಅಳತೆ, ಆ ಸ್ಟಿಕರ್‌ನಲ್ಲಿ ಬರೆದ ಗರಿಷ್ಠ ತೂಕ ಇವಿಷ್ಟು ಕೆಳಗೆ ಹಾಕಿ, ಯಾವ ಅಳತೆ ಉಜ್ಜದೆ ಕೂರುತ್ತದೆ ಅಂತ ಲೆಕ್ಕ ಮಾಡಿ ಹೇಳುತ್ತೇನೆ.