ಎರಡು ಕೊಟೇಶನ್‌ಗಳ ಮಧ್ಯೆ 40 ಸಾವಿರ ವ್ಯತ್ಯಾಸ ಯಾಕೆ?

ಹಳೇ ಮನೆಗೆ ಬಣ್ಣ ಹೊಡೆಸಲು ಬಂದ ಎರಡು ಕೊಟೇಶನ್‌ಗಳಲ್ಲಿ 40 ಸಾವಿರ ವ್ಯತ್ಯಾಸ ಇದೆ, ಕಡಿಮೆಯದನ್ನೇ ಒಪ್ಪಲಾ ಎಂದು ಕೇಳಿದ್ದೀರಿ. ಈಗಲೇ ಒಪ್ಪಬೇಡಿ. ಮೊದಲು ಇಬ್ಬರೂ ಎಷ್ಟು ಚದರಡಿ ಬರೆದಿದ್ದಾರೆ ನೋಡಿ. ಗೋಡೆ, ಸೀಲಿಂಗ್ ಸೇರಿದರೆ ಅಳತೆ ಸಾಮಾನ್ಯವಾಗಿ ನೆಲದ ಮೂರು ಪಟ್ಟಿಗೂ ಜಾಸ್ತಿ ಬರುತ್ತದೆ. ಬಾಗಿಲು, ಕಿಟಕಿ ಕಳೆದಿದ್ದಾರಾ ಕೇಳಿ. ಟೇಪ್ ಹಿಡಿದು ಒಂದು ರೂಮನ್ನು ನೀವೇ ಅಳೆದರೆ ಗೊತ್ತಾಗಿಬಿಡುತ್ತದೆ.

ನಿಜವಾದ ವ್ಯತ್ಯಾಸ ಇರುವುದು ಬಣ್ಣದ ಕೆಳಗೆ. ಹಳೇ ಪದರ ಕೆರೆಯುವುದು, ಗೋಡೆ ನುಣುಪಾಗಿಸುವ ಪುಟ್ಟಿ ಎಷ್ಟು ಕೋಟ್, ಬಣ್ಣ ಹಿಡಿಯಲು ಮೊದಲು ಹಚ್ಚುವ ಪ್ರೈಮರ್ ಇದೆಯಾ, ಇವೆಲ್ಲ ಬರವಣಿಗೆಯಲ್ಲಿರಲಿ. ಸುಮ್ನೆ ‘ಏಷ್ಯನ್ ಪೇಂಟ್ಸ್’ ಎಂದು ಬರೆದರೆ ಸಾಲದು. ಕಡಿಮೆ ಬೆಲೆಯ ಟ್ರಾಕ್ಟರ್ ಎಮಲ್ಷನ್ನೂ ಅವರದೇ, ದುಬಾರಿ ರೊಯಾಲ್ ಕೂಡ ಅವರದೇ. ಬೆಲೆಯಲ್ಲಿ ಬಹಳ ಅಂತರ ಇದೆ, ಅಲ್ವಾ?

ಗೋಡೆ ಒದ್ದೆಯಾಗಿ ಬಿಳಿ ಪುಡಿ ಉದುರುತ್ತಿದ್ದರೆ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕುವವನನ್ನೇ ಆರಿಸಿ. ಅದನ್ನು ಬಿಟ್ಟು ಬಣ್ಣ ಹೊಡೆದರೆ ಮತ್ತೆ ಉಬ್ಬಿ ಏಳುತ್ತದೆ. ಸೀಲ್ ಇರುವ ಡಬ್ಬಗಳನ್ನು ನಿಮ್ಮೆದುರೇ ತೆರೆಯಲಿ. ದುಡ್ಡನ್ನು ಕೆಲಸ ಮುಗಿದಷ್ಟಕ್ಕೆ ಕೊಡಿ, ಕೊನೆಯ ಕಂತನ್ನು ಟಚ್‌ಅಪ್ ಆಗುವವರೆಗೂ ಇಟ್ಟುಕೊಳ್ಳಿ. ಹೊರಗೋಡೆಯ ಕೆಲಸವನ್ನು ಮಳೆಗಾಲ ಕಳೆದ ಮೇಲೆ ಇಟ್ಟುಕೊಂಡರೆ ಒಳ್ಳೆಯದು.