ಓದುಗರ ಪ್ರಶ್ನೆ: ಮನೆಯಲ್ಲಿ ಕಟ್ಟಿದ ಆಂಪ್ಲಿಫೈಯರ್ ಬಿಸಿಯಾದಾಗ

ಪ್ರಶ್ನೆ: ಎಲ್‌ಎಂ3886 ಎಂಬ ಆಂಪ್ಲಿಫೈಯರ್ ಐಸಿಯ ಟಿ ಮಾದರಿಯಿಂದ (ಬೆನ್ನಿಗೆ ಲೋಹವಿರುವುದು) ಆಂಪ್ಲಿಫೈಯರ್ ಕಟ್ಟಿದ್ದೇನೆ. ಸಪ್ಲೈ ಪ್ಲಸ್ 28, ಮೈನಸ್ 28 ವೋಲ್ಟ್. ಸ್ಪೀಕರ್ 4 ಓಮ್. ನಮ್ಮದು ಶೀಟಿನ ಮನೆ. ಸಂಜೆ ಅರ್ಧ ಗಂಟೆ ಜೋರಾಗಿ ಹಾಡಿಸಿದರೆ ಧ್ವನಿ ನಿಂತು ನಿಂತು ಬರತೊಡಗುತ್ತದೆ. ಆದರೆ ಐಸಿಯ ಶಾಖವನ್ನು ಹೊರಹಾಕುವ ಲೋಹದ ಹೀಟ್‌ಸಿಂಕ್ ಮುಟ್ಟಿ ನೋಡಿದರೆ ಬರೀ ಬೆಚ್ಚಗಿರುತ್ತದೆ. ಎರಡರ ನಡುವೆ ಕರೆಂಟ್ ತಡೆಯುವ ಮೈಕಾ ಹಾಳೆ ಹಾಕಿ, ಶಾಖ ಸಾಗಿಸುವ ಪೇಸ್ಟನ್ನೂ ಧಾರಾಳವಾಗಿ ಬಳಿದಿದ್ದೇನೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಇನ್ನೂ ದೊಡ್ಡ ಹೀಟ್‌ಸಿಂಕ್ ತರಲೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಸದ್ಯಕ್ಕೆ ತರಬೇಡಿ. ಎಲ್‌ಎಂ3886ರ ಒಳಗಿನ ಸಿಲಿಕಾನ್ ಸುಮಾರು 165 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅದು ತಾನಾಗಿಯೇ ನಿಲ್ಲುತ್ತದೆ. 155ರ ಆಸುಪಾಸಿಗೆ ಇಳಿದೊಡನೆ ಮತ್ತೆ ಆರಂಭವಾಗುತ್ತದೆ. ನೀವು ಕೇಳುತ್ತಿರುವುದು ಬಹುಮಟ್ಟಿಗೆ ಇದನ್ನೇ. ಒಳಗೆ ಅಷ್ಟು ಕಾವಿದ್ದೂ ಹೀಟ್‌ಸಿಂಕ್ ಬರೀ ಬೆಚ್ಚಗಿದೆಯೆಂದರೆ ಶಾಖವು ಅಲ್ಲಿಗೆ ತಲುಪುತ್ತಲೇ ಇಲ್ಲ. ತಲುಪದ ಶಾಖವನ್ನು ಎಷ್ಟು ದೊಡ್ಡ ಹೀಟ್‌ಸಿಂಕ್ ಆದರೂ ಹೊರಹಾಕಲಾರದು. ಅದು ಕೈಯಿಡಲಾಗದಷ್ಟು ಸುಡುತ್ತಿದ್ದರೆ ಮಾತ್ರ ದೊಡ್ಡದನ್ನು ತರುವ ಮಾತು ಬರುತ್ತಿತ್ತು.

ಲೆಕ್ಕವನ್ನು ಒಮ್ಮೆ ನೋಡಿಬಿಡೋಣ. ಎರಡೂ ಸಪ್ಲೈ ಸೇರಿ 56 ವೋಲ್ಟ್. ಅದರ ವರ್ಗವನ್ನು, 19.7 ಮತ್ತು ಸ್ಪೀಕರಿನ ಓಮ್ ಇವೆರಡರ ಗುಣಲಬ್ಧದಿಂದ ಭಾಗಿಸಿದರೆ ಐಸಿಯಲ್ಲಿ ಶಾಖವಾಗುವ ಗರಿಷ್ಠ ವಾಟ್ ಸಿಗುತ್ತದೆ: 8 ಓಮ್‌ಗೆ ಸುಮಾರು 20, ನಿಮ್ಮ 4 ಓಮ್‌ಗೆ ಸುಮಾರು 40. ಈ ಗರಿಷ್ಠ ಶಾಖ ಹುಟ್ಟುವುದು ವಾಲ್ಯೂಮ್ ಪೂರ್ತಿ ಏರಿಸಿದಾಗಲ್ಲ, ಪೂರ್ಣ ಪವರಿನ ಶೇಕಡ 40ರ ಆಸುಪಾಸಿನಲ್ಲಿ ಎಂಬುದು ಹಲವರಿಗೆ ನಂಬಲು ಕಷ್ಟ. ಬೇಸಿಗೆಯ ಸಂಜೆ ಶೀಟಿನ ಕೆಳಗೆ 40 ಡಿಗ್ರಿ ಇದೆಯೆಂದೂ, ಸಿಲಿಕಾನ್ 150 ದಾಟಬಾರದೆಂದೂ ಹಿಡಿದರೆ, ಉಳಿಯುವ 110 ಡಿಗ್ರಿಯನ್ನು 40 ವಾಟ್‌ಗೆ ಹಂಚಬೇಕು. ಅಂದರೆ ಸಿಲಿಕಾನಿನಿಂದ ಗಾಳಿಯವರೆಗಿನ ಇಡೀ ದಾರಿಯಲ್ಲಿ ವಾಟ್ ಒಂದಕ್ಕೆ 2.75 ಡಿಗ್ರಿಗಿಂತ ಹೆಚ್ಚು ಏರಿಕೆ ಇರಕೂಡದು. ಇದರಲ್ಲಿ 1 ಡಿಗ್ರಿ ಐಸಿಯ ಒಳಗೇ ಕಳೆಯುತ್ತದೆ. ಮೈಕಾ ಮತ್ತು ಪೇಸ್ಟಿಗೆ ಅರ್ಧ ಡಿಗ್ರಿ ಬಿಟ್ಟರೆ ಹೀಟ್‌ಸಿಂಕಿಗೆ ಒಂದೂಕಾಲು ಉಳಿಯಿತು. ಜೋಡಣೆ ಕೆಟ್ಟು ವಾಟ್ ಒಂದಕ್ಕೆ ಇನ್ನೆರಡು ಡಿಗ್ರಿ ಅಲ್ಲಿಯೇ ಸೇರಿದರೆ, 40 ವಾಟ್‌ಗೆ 80 ಡಿಗ್ರಿ ಹೆಚ್ಚಾಯಿತು.

ಆದ್ದರಿಂದ ಸ್ಕ್ರೂ ಬಿಚ್ಚಿ ನೋಡಿ. ಡ್ರಿಲ್ ಮಾಡಿದ ತೂತಿನ ಅಂಚಿನಲ್ಲಿ ಎದ್ದುನಿಂತ ಲೋಹದ ಮುಳ್ಳು ಐಸಿಯನ್ನು ಕೂದಲೆಳೆಯಷ್ಟು ಎತ್ತಿ ಹಿಡಿದಿರುವುದು, ಮೈಕಾ ಬಿರುಕು ಬಿಟ್ಟಿರುವುದು ಅಥವಾ ಮಡಚಿಕೊಂಡಿರುವುದು, ಸ್ಕ್ರೂ ಸಡಿಲವಾಗಿರುವುದು ಸಾಮಾನ್ಯ ದೋಷಗಳು. ಅಂಚನ್ನು ದೊಡ್ಡ ಡ್ರಿಲ್ ಬಿಟ್ಟಿನಿಂದ ಕೈಯಲ್ಲೇ ತಿರುಗಿಸಿ ಸವರಿ, ಮೇಲ್ಮೈಯನ್ನು ನುಣುಪಾದ ಎಮರಿ ಕಾಗದದಿಂದ ಸಮಮಾಡಿ. ಪೇಸ್ಟ್ ವಿಷಯದಲ್ಲಿ ಧಾರಾಳತನ ಬೇಡ. ಅಲ್ಯೂಮಿನಿಯಂಗೆ ಹೋಲಿಸಿದರೆ ಪೇಸ್ಟ್ ಶಾಖವನ್ನು ಬಹಳ ಕಡಿಮೆ ಸಾಗಿಸುತ್ತದೆ. ಲೋಹದ ಗೀರುಗಳಲ್ಲಿ ಕುಳಿತಿರುವ ಗಾಳಿಯನ್ನು ಹೊರದೂಡುವುದಷ್ಟೇ ಅದರ ಕೆಲಸ. ಮೈಕಾದ ಎರಡೂ ಬದಿಗೆ ತೆಳುವಾದ ಪೊರೆಯಷ್ಟು ಸಾಕು. ಮೈಕಾವನ್ನೇ ತೆಗೆದುಬಿಡುವ ಆಸೆ ಬೇಡ, ಏಕೆಂದರೆ ಟಿ ಮಾದರಿಯ ಬೆನ್ನಿನ ಲೋಹ ಮೈನಸ್ ಸಪ್ಲೈಗೆ ಸೇರಿರುತ್ತದೆ. ಅದು ಅರ್ತ್ ಆದ ಹೀಟ್‌ಸಿಂಕಿಗೆ ತಾಗಿದರೆ ನೇರ ಶಾರ್ಟ್. ಮರುಜೋಡಿಸಿದ ಮೇಲೆ ಕರೆಂಟ್ ಕೊಡುವ ಮೊದಲು, ಇವೆರಡೂ ತಾಗಿಲ್ಲವೆಂದು ಮೀಟರಿನಿಂದ ಪರೀಕ್ಷಿಸಿ. ಪ್ಲಾಸ್ಟಿಕ್ ಬೆನ್ನಿನ ಟಿಎಫ್ ಮಾದರಿಗೆ ಮೈಕಾ ಬೇಕಿಲ್ಲವಾದರೂ ಅದರ ಒಳಗೇ ವಾಟ್ ಒಂದಕ್ಕೆ 2 ಡಿಗ್ರಿ ಕಳೆದುಹೋಗುವುದರಿಂದ ನಿಮ್ಮ 4 ಓಮ್ ಸ್ಪೀಕರಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಇನ್ನೊಂದು ಮಾತು. ನಿಮ್ಮ ಕಡೆ ಪಂಪ್‌ಸೆಟ್‌ಗಳು ನಿಂತ ಹೊತ್ತಿನಲ್ಲಿ ಮನೆಯ ವೋಲ್ಟೇಜ್ 230ರಿಂದ 250ಕ್ಕೆ ಏರಿದರೆ ಶಾಖವು ವರ್ಗದ ಪ್ರಮಾಣದಲ್ಲಿ, ಅಂದರೆ ಸುಮಾರು ಶೇಕಡ 18ರಷ್ಟು, ಏರುತ್ತದೆ. ಬೆಳಿಗ್ಗೆ ಸುಮ್ಮನಿದ್ದ ಆಂಪ್ಲಿಫೈಯರ್ ರಾತ್ರಿ ಮುನಿಸಿಕೊಳ್ಳುವುದಕ್ಕೆ ಇದೂ ಕಾರಣವಾಗಬಹುದು.

ಪ್ರಶ್ನೆ: 2ಎಸ್‌ಸಿ5200 ಮತ್ತು 2ಎಸ್‌ಎ1943 ಔಟ್‌ಪುಟ್ ಟ್ರಾನ್ಸಿಸ್ಟರ್ ಜೋಡಿಯ ನನ್ನ ಆಂಪ್ಲಿಫೈಯರ್ ಹಾಡು ಹಾಕದಿದ್ದರೂ ಬಿಸಿಯಾಗುತ್ತಾ ಹೋಗುತ್ತದೆ. ಬಯಾಸ್ (ಹಾಡಿಲ್ಲದಾಗಲೂ ಔಟ್‌ಪುಟ್‌ನಲ್ಲಿ ಸ್ವಲ್ಪ ಕರೆಂಟ್ ಹರಿಸುವ ವೋಲ್ಟೇಜ್) ಕೊಡುವ ಟ್ರಾನ್ಸಿಸ್ಟರ್ ಬಿಡಿ139 ಅನ್ನು ಪಿಸಿಬಿಯ, ಅಂದರೆ ಸರ್ಕ್ಯೂಟ್ ಹಲಗೆಯ, ಮೇಲೆಯೇ ಕೂರಿಸಿದ್ದೇನೆ.
– ಓದುಗರೊಬ್ಬರು, ಮಾಲೂರು

ಉತ್ತರ: ದೋಷ ನಿಮ್ಮ ಕೊನೆಯ ವಾಕ್ಯದಲ್ಲಿದೆ. ಟ್ರಾನ್ಸಿಸ್ಟರ್ ಒಂದು ಡಿಗ್ರಿ ಬಿಸಿಯಾದರೆ ಅದರ ಬೇಸ್ ಮತ್ತು ಎಮಿಟರ್ ನಡುವೆ ಬೇಕಾಗುವ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಬಯಾಸ್ ಹಾಗೆಯೇ ಉಳಿದರೆ ಕರೆಂಟ್ ಏರುತ್ತದೆ, ಕರೆಂಟ್ ಏರಿದರೆ ಮತ್ತೆ ಬಿಸಿ. ಟ್ರಾನ್ಸಿಸ್ಟರ್ ಸುಡುವವರೆಗೂ ಇದು ನಿಲ್ಲದಿರಬಹುದು. ಬಿಡಿ139 ಅನ್ನು ಔಟ್‌ಪುಟ್ ಟ್ರಾನ್ಸಿಸ್ಟರುಗಳ ಹೀಟ್‌ಸಿಂಕಿನ ಮೇಲೆ, ಅವುಗಳ ಪಕ್ಕದಲ್ಲೇ ಕೂರಿಸಿದರೆ ಅವುಗಳ ಕಾವು ಅದಕ್ಕೂ ತಟ್ಟಿ ಬಯಾಸ್ ತಾನಾಗಿ ಇಳಿಯುತ್ತದೆ. ಅದರ ಬೆನ್ನಿನ ಲೋಹ ಕಲೆಕ್ಟರ್ ಆಗಿರುವುದರಿಂದ ಅಲ್ಲಿಯೂ ಮೈಕಾ ಬೇಕು. ಮೊದಲ ಬಾರಿ ಕರೆಂಟ್ ಕೊಡುವಾಗ ಸ್ಪೀಕರ್ ತೆಗೆದು, ಮೈನ್ಸ್ ತಂತಿಗೆ 60 ವಾಟಿನ ಹಳೆಯ ಮಾದರಿಯ, ಒಳಗೆ ತಂತಿ ಉರಿಯುವ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ. ಅದು ಒಮ್ಮೆ ಬೆಳಗಿ ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ತಕ್ಷಣ ನಿಲ್ಲಿಸಿ. ಅನಂತರ ಬಲ್ಬ್ ತೆಗೆದು, ಕನಿಷ್ಠ ಬಯಾಸ್‌ನಿಂದ ಆರಂಭಿಸಿ, ಬಯಾಸ್ ಹೊಂದಿಸುವ ಪ್ರಿಸೆಟ್ ತಿರುಗಿಸಿ. 0.22 ಓಮ್‌ನ ಎಮಿಟರ್ ರೆಸಿಸ್ಟರ್ ಮೇಲೆ 11 ಮಿಲಿವೋಲ್ಟ್ ಕಂಡರೆ 50 ಮಿಲಿಆಂಪಿಯರ್ ಹರಿಯುತ್ತಿದೆ ಎಂದರ್ಥ. ಅರ್ಧ ಗಂಟೆ ಬಿಟ್ಟು ಮತ್ತೆ ಅಳೆಯಿರಿ.

ಪ್ರಶ್ನೆ: ಹೀಟ್‌ಸಿಂಕಿಗೆ ಕಪ್ಪು ಬಣ್ಣ ಬಳಿಯಬೇಕೇ? ಫ್ಯಾನ್ ಹಾಕಲೇಬೇಕೇ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಕಪ್ಪು ಬಣ್ಣದಿಂದ ಅಲ್ಪ ಲಾಭವಿದೆ, ಆದರೆ ಐಸಿ ಕೂರುವ ಜಾಗಕ್ಕೆ ಬಣ್ಣ ತಾಗಬಾರದು. ಹೆಚ್ಚು ಲಾಭ ರೆಕ್ಕೆಗಳನ್ನು ನೆಟ್ಟಗೆ ನಿಲ್ಲಿಸಿ, ಡಬ್ಬಿಯ ತಳದಲ್ಲೂ ಮೇಲೂ ತೂತು ಬಿಟ್ಟು, ತಳಕ್ಕೆ ಎತ್ತರದ ಕಾಲು ಕೊಡುವುದರಲ್ಲಿದೆ. ಫ್ಯಾನ್ ಹಾಕುವುದಾದರೆ 12 ವೋಲ್ಟಿನದಕ್ಕೆ 7 ವೋಲ್ಟ್ ಕೊಡಿ. ಸದ್ದು ತಗ್ಗುತ್ತದೆ, ಗಾಳಿ ಸಾಕಾಗುತ್ತದೆ. ಒಳಗೆ ಸೇರುವ ಧೂಳನ್ನು ಆಗಾಗ ಬ್ರಷ್ಷಿನಿಂದ ತೆಗೆಯಬೇಕು. ಫಿಲ್ಟರ್ ಕೆಪಾಸಿಟರುಗಳನ್ನು ಹೀಟ್‌ಸಿಂಕಿನಿಂದ ದೂರವಿಡಿ: ಅವುಗಳ ಉಷ್ಣತೆ 10 ಡಿಗ್ರಿ ಇಳಿದರೆ ಆಯಸ್ಸು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.